ಬಿರಡೆಗೆ ಹೋದ ಕೈ

ನಮ್ಮೂರು ತಾಂಬಾದ ಭಜನಾ ಮೇಳದಲ್ಲಿ ಗಿಟಾರ್ ನುಡಿಸುವ ಆಸೆಯಿಂದ ನಾನು ಸಿಂದಗಿಗೆ ಕಲಿಯಲು ಹೋಗುತ್ತಿದ್ದೆ. "ಈ ಸೋಮವಾರ ಒಂದ್ ಪದಕ್ಕರ ಬಾರ್ಸು, ಇಲ್ಲಂದ್ರ ಅದನ್ನ ಗೂಟಕ್ಕ ತೂಗಹಾಕು" ಎಂದಿದ್ದ, ಹಾರ್ಮೋನಿಯಂ ನುಡಿಸುವ ನಮ್ಮಣ್ಣ.

ಅಂದು ಕಲಿಸುವ ಹುಡುಗಿ ಡಿಮಿನಿಶ್ಡ್ ಕಾರ್ಡ್ ಎಂಬ, ಒಟ್ಟಿಗೆ ಮೀಟುವ ಸ್ವರಗಳ ಗುಚ್ಛ ಹಿಡಿಸಿದಳು. ಏಕತಾರಿ ಕೇಳಿ ಬೆಳೆದ ನನ್ನ ಕಿವಿಗೆ ಶ್ರುತಿ ಕೆಟ್ಟಂತೆ ಕೇಳಿಸಿ ಕಳವಳವಾಯಿತು. ತಂತಿ ಬಿಗಿಸುವ ಬಿರಡೆ ತಿರುವಲು ಹೋದೆ.

"ಬಿಡ್ರಿ ಕಾಕಾ, ತಂತಿ ಬರೋಬ್ಬರಿ ಅದಾವ. ಮುಂದಿನ ಕಾರ್ಡ್ ಹಿಡೀರಿ."

ಹಿಡಿದೆ. ಆ ಕಳವಳವೆಲ್ಲ ಒಮ್ಮೆಲೇ ಕರಗಿತು; ಮಠದ ಗದ್ದುಗೆಗೆ ಹಣೆ ಹಚ್ಚಿದಾಗಿನ ಸಮಾಧಾನ. ಗಿಟಾರನ್ನು ಕಣ್ಣಿಗೊತ್ತಿಕೊಂಡೆ.

ಸೋಮವಾರ ಭಜನಾ ಪದದ ನಡುವೆ ಆ ಕಳವಳದ ಕಾರ್ಡನ್ನೇ ನುಡಿಸಿದೆ. ಅಣ್ಣ ಹಾರ್ಮೋನಿಯಂ ನಿಲ್ಲಿಸಿ ನನ್ನ ಗಿಟಾರಿನ ಬಿರಡೆಗೆ ಕೈ ಚಾಚಿದ.

"ತಡಿ ಅಣ್ಣಾ, ಇನ್ನೂ ಒಂದೈತಿ."

ಮುಂದಿನದು ಕೇಳುತ್ತಲೇ ಅವನು ಕಣ್ಣು ಮುಚ್ಚಿ ಕೈ ಮುಗಿದ.

ಗಿಟಾರ್ ತೂಗಬೇಕಿದ್ದ ಆ ಗೂಟಕ್ಕೆ ಈಗ ಅವನ ಟೋಪಿ ತೂಗುತ್ತದೆ.