ಕೇಳದೆ ಸಿಕ್ಕ ಕೊಸರು

ಹೋದ ವರ್ಷ ದಸರೆ ಮುಗಿದ ಮಾರನೆಯ ವಾರ ನಡೆದದ್ದು. ಯಲಬುರ್ಗಾದ ನಮ್ಮ ಅಕ್ಕ ಮನೆಯ ಮೆಟ್ಟಿಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡು ಕೊಪ್ಪಳದ ಆಸ್ಪತ್ರೆಯಲ್ಲಿದ್ದಳು. ಒಳಗೆ ರಾಡು ಹಾಕಿದ್ದರು. ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದಾಗ ಅಕ್ಕನ ಗಂಡ, ನಮ್ಮ ಮಾವ, ನನಗೆ ಫೋನ್ ಮಾಡಿದರು. ಬೇರೆ ಗಾಡಿ ಬೇಡ, ತಮ್ಮನ ಕಾರೇ ಬರಲಿ ಎಂದು ಅಕ್ಕ ಹಟ ಹಿಡಿದಿದ್ದಳಂತೆ.

ನಾನು ಗಂಗಾವತಿಯಲ್ಲಿ ಹಳೆಯ ಗೋಣಿಚೀಲದ ವ್ಯಾಪಾರ ಮಾಡುವವನು. ಸೈಕಲ್ಲಿನ ಮೇಲೆ ಹರಿದ ಚೀಲ ಹೇರಿಕೊಂಡು ಒಂದು ರೈಸ್ ಮಿಲ್ಲಿನಿಂದ ಇನ್ನೊಂದಕ್ಕೆ ಅಲೆದು ಮೇಲೆ ಬಂದಿದ್ದೇನೆ. ಚೌಕಾಸಿ ಮಾಡಲು ನನಗೆ ನಾಚಿಕೆಯಿಲ್ಲ, ಅದೇ ನನ್ನ ಅನ್ನ. ಕಾರು ತಗೊಂಡದ್ದೂ ಹಾಗೆಯೇ. ಮೂರು ತಿಂಗಳು ಮಾಲೀಕನ ಮನೆಗೆ ಅಲೆದು, ಅವನಿಗೆ ಬೇಸರ ಬಂದ ಮೇಲೆ ಖರೀದಿ ಮಾಡಿದ ಹಳೆಯ ಡೀಸೆಲ್ ಗಾಡಿ. ಅಕ್ಕನನ್ನು ಕೂಡಿಸಿಕೊಂಡು ಹೋಗುವ ಗಾಡಿ ದಾರಿಯಲ್ಲಿ ಕೈಕೊಡಬಾರದು ಎಂದು ಹಿಂದಿನ ದಿನವೇ ಸರ್ವಿಸ್ ಮಾಡಿಸಿದ್ದೆ.

ಬೆಳಿಗ್ಗೆ ಗಂಗಾವತಿ ಬಿಟ್ಟಾಗಿನಿಂದಲೇ ಗಾಡಿ ಯಾಕೋ ಭಾರ ಅನ್ನಿಸುತ್ತಿತ್ತು. ಕೊಪ್ಪಳದಲ್ಲಿ ಹಿಂದಿನ ಸೀಟಿಗೆ ಎರಡು ದಿಂಬು ಹಾಕಿ, ಅಕ್ಕನನ್ನು ಅಡ್ಡಲಾಗಿ ಕೂಡಿಸಿ, ಕಾಲು ನೀಟಾಗಿ ಚಾಚಿಸಿದೆವು. ಮನೆಯಲ್ಲಿ ಮಂಚ ಸರಿಮಾಡಬೇಕೆಂದು ಮಾವ ಮೊದಲೇ ಬಸ್ಸಿಗೆ ಹೋಗಿದ್ದರು. ಗಾಡಿಯಲ್ಲಿ ನಾವಿಬ್ಬರೇ. ಭಾನಾಪುರ ದಾಟಿ ಕುಕನೂರಿನ ಕಡೆ ತಿರುಗಿದ ಮೇಲೆ ಅಕ್ಕ ಮೂಗು ಮುಚ್ಚಿಕೊಂಡಳು.

"ತಮ್ಮಾ, ಏನೋ ಕಮಟು ನಾರಾಕತ್ತೈತಿ."

"ಹೊಸ ಎಣ್ಣಿ ಹಾಕ್ಯಾರಕ್ಕ. ಎರಡು ದಿನ ನಾರತೈತಿ," ಎಂದೆ. ತಿಳಿದವನ ಹಾಗೆ ಹೇಳಿದೆನೇ ಹೊರತು ನನಗೂ ತಿಳಿದಿರಲಿಲ್ಲ.

ಮುಂದೆ ಉಳ್ಳಾಗಡ್ಡಿ ಹೇರಿದ ಟ್ರಾಕ್ಟರ್ ಹೋಗುತ್ತಿತ್ತು. ಅದನ್ನು ದಾಟಲು ಆಕ್ಸಿಲರೇಟರ್ ಜೋರಾಗಿ ಒತ್ತಿದೆ. ದಾಟಿದ ಮೇಲೆ ಕಾಲು ತೆಗೆದೆ. ವೇಗ ಕಡಿಮೆಯಾಗಲಿಲ್ಲ, ಏರುತ್ತಲೇ ಹೋಯಿತು. ಪೆಡಲ್ ಸಿಕ್ಕಿಕೊಂಡಿದೆಯೇನೋ ಎಂದು ಬೂಟಿನ ತುದಿಯಿಂದ ಎತ್ತಿ ನೋಡಿದೆ. ಅದು ಮೇಲೆಯೇ ಇತ್ತು. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣಿಸುತ್ತಿಲ್ಲ, ಬರೀ ಬಿಳಿ ಹೊಗೆ.

"ಇಷ್ಟ್ಯಾಕ ಓಡಿಸ್ತಿ? ನಿಧಾನ ಹೋಗು," ಎಂದಳು ಅಕ್ಕ.

"ನಾ ಓಡಸಾಕತ್ತಿಲ್ಲಕ್ಕ. ನನ್ನ ಕಾಲು ಬ್ರೇಕಿನ ಮ್ಯಾಲ ಐತಿ."

ಕ್ಲಚ್ ಒತ್ತಿ, ಬ್ರೇಕ್ ಹಿಡಿದು, ಹೇಗೋ ರಸ್ತೆಯ ಮಗ್ಗುಲಿಗೆ ತಂದು ನಿಲ್ಲಿಸಿ ಗೇರ್ ಬಿಡಿಸಿದೆ. ಗಾಡಿ ನಿಂತಿತು, ಎಂಜಿನ್ ನಿಲ್ಲಲಿಲ್ಲ. ತಡೆಯುವುದು ಏನೂ ಇಲ್ಲದ್ದರಿಂದ ಇನ್ನೂ ಜೋರಾಗಿ ಕಿರುಚತೊಡಗಿತು. ಬಾನೆಟ್ಟು ಗಡಗಡ ನಡುಗುತ್ತಿತ್ತು. ಕೀಲಿ ತಿರುಗಿಸಿದೆ. ಬಂದ್ ಆಗಲಿಲ್ಲ. ಕೀಲಿಯನ್ನೇ ಕಿತ್ತು ಹೊರಗೆ ತೆಗೆದೆ. ಕೀಲಿ ನನ್ನ ಅಂಗೈಯಲ್ಲಿದೆ, ಎಂಜಿನ್ ಓಡುತ್ತಲೇ ಇದೆ. ಇಷ್ಟು ವರ್ಷ ಗಾಡಿ ಓಡಿಸಿದ್ದೇನೆ, ಬ್ರೇಕ್ ಫೇಲ್ ಕಂಡಿದ್ದೇನೆ, ಟೈರು ಒಡೆದದ್ದು ಕಂಡಿದ್ದೇನೆ. ಇಂಥದ್ದು ಕಂಡಿರಲಿಲ್ಲ, ಕೇಳಿರಲೂ ಇಲ್ಲ. ಕೀಲಿಯನ್ನೇ ನೋಡುತ್ತ ಕೂತುಬಿಟ್ಟೆ.

ಹೊಗೆ ಒಳಗೂ ತುಂಬತೊಡಗಿತು. ಪಕ್ಕದ ಹೊಲದಲ್ಲಿ ಉಳ್ಳಾಗಡ್ಡಿ ಆರಿಸುತ್ತಿದ್ದ ಹೆಣ್ಣುಮಕ್ಕಳು ಎದ್ದು ಓಡಿ ಬಂದವರು ಆ ಸಪ್ಪಳಕ್ಕೆ ಅಲ್ಲೇ ನಿಂತುಬಿಟ್ಟರು. ನಾನು ಬಾಗಿಲು ತೆಗೆದು ಜಿಗಿಯಬಹುದಿತ್ತು. ಅಕ್ಕ ಜಿಗಿಯುವ ಹಾಗಿರಲಿಲ್ಲ. ಕೂಡಿಸುವಾಗಲೇ ನಾಲ್ಕು ಜನ ಹಿಡಿದಿದ್ದೆವು, ನಾನೊಬ್ಬನೇ ಎಳೆಯುವಷ್ಟರಲ್ಲಿ ಬೆಂಕಿ ಹತ್ತಿದರೆ ಮುಗಿದೇ ಹೋಯಿತು.

ಅಕ್ಕ ದನಿ ಏರಿಸಲಿಲ್ಲ. "ನೀ ಇಳಿ. ನಿನ್ನ ಮಕ್ಳು ಇನ್ನೂ ಸಣ್ಣವು ಅದಾವ. ಇಳಿಯಂದ್ರ ಇಳಿ," ಎಂದಳು.

ಆ ಮಾತು ಕೇಳಿ ನನಗೆ ಮೈಮೇಲೆ ಎಚ್ಚರ ಬಂತು. ಗಾಡಿ ಕಲಿಯುವಾಗ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಕ್ಲಚ್ಚನ್ನು ಒಮ್ಮೆಲೆ ಬಿಟ್ಟು ಗಾಡಿಯನ್ನು ಗಪ್ಪೆಂದು ನಿಲ್ಲಿಸಿಬಿಡುತ್ತಾರೆ. ಕಲಿಸುವವನು ತಲೆಗೆ ಮೊಟಕುತ್ತಾನೆ. ಆ ತಪ್ಪನ್ನೇ ಈಗ ಬೇಕೆಂದು ಮಾಡಬೇಕು ಅನ್ನಿಸಿತು.

"ಬಾಯಿ ಮುಚ್ಚಿ ಸೀಟು ಗಟ್ಟಿ ಹಿಡಕೋ ಅಕ್ಕ," ಎಂದು ಹ್ಯಾಂಡ್ ಬ್ರೇಕ್ ಎಳೆದೆ. ಕ್ಲಚ್ ಒತ್ತಿ ಐದನೇ ಗೇರಿಗೆ ಹಾಕಿದೆ. ಬಲಗಾಲನ್ನು ಬ್ರೇಕಿನ ಮೇಲೆ ಊರಿ, ಕ್ಲಚ್ಚಿನಿಂದ ಎಡಗಾಲು ತಟ್ಟನೆ ತೆಗೆದೆ. ಗಾಡಿ ಗುದ್ದು ತಿಂದ ಎತ್ತಿನ ಹಾಗೆ ಮುಂದಕ್ಕೆ ಒಮ್ಮೆ ಮುಗ್ಗರಿಸಿತು. ಅಕ್ಕ ನೋವಿಗೆ ಚೀರಿದಳು. ಎಂಜಿನ್ ಸತ್ತಿತು. ಆಮೇಲೆ ಕೇಳಿಸಿದ್ದು ಅಕ್ಕನ ಏದುಸಿರು ಮಾತ್ರ.

ಹೊಲದವರು ಉಳ್ಳಾಗಡ್ಡಿ ಹರವುವ ತಾಡಪತ್ರಿ ತಂದು, ಅದರ ಮೇಲೆ ಅಕ್ಕನನ್ನು ಮೆಲ್ಲಗೆ ಇಳಿಸಿಕೊಂಡು ಬೇವಿನ ನೆರಳಿಗೆ ಒಯ್ದರು. ಅವರಲ್ಲಿ ವಯಸ್ಸಾದ ಒಬ್ಬಾಕೆ ನೀರು ಕೊಡುತ್ತ ನನ್ನನ್ನು ಕೇಳಿದಳು: "ಗಾಡಿಗೆ ಏನರ ಗಾಳಿ ಬಡದೈತೇನಪಾ? ದಸರಿಗೆ ಕಾಯಿ ಒಡಸಿದ್ದಿಲ್ಲೇನು?" ಒಡೆಸಿದ್ದೆ ಎಂದೆ. "ಹಂಗಾರ ಕಾಯಿನ ಕೆಟ್ಟದ್ದಿರಬೇಕು," ಎಂದಳು. ಅಷ್ಟೆಲ್ಲ ಆದ ಮೇಲೂ ಅಕ್ಕ ನಕ್ಕಳು. ಮಾವ ಕುಕನೂರಿನಿಂದ ಬೇರೆ ಗಾಡಿ ಕಳಿಸಿದರು. ಅದರಲ್ಲಿ ಅಕ್ಕನನ್ನು ಮತ್ತೆ ಕೊಪ್ಪಳದ ಆಸ್ಪತ್ರೆಗೇ ಒಯ್ದು ತೋರಿಸಿದೆ, ರಾಡು ಸರಿದಿಲ್ಲ ಎಂದು ಸಂಜೆ ಡಾಕ್ಟರು ಹೇಳಿದರು.

ಕಾರನ್ನು ಕೊಪ್ಪಳಕ್ಕೆ ಎಳೆಸಿಕೊಂಡು ಹೋದೆ. ಅಲ್ಲಿನ ಗ್ಯಾರೇಜಿನವರು ಎಂಜಿನ್ ಎಣ್ಣೆ ನೋಡುವ ಕಡ್ಡಿ ಎಳೆದು ತೋರಿಸಿದರು. ಮೇಲಿನ ಗೆರೆ ದಾಟಿ ಎರಡು ಬೆರಳಗಲ ಎಣ್ಣೆ ಹತ್ತಿತ್ತು. ಮೂರು ಲೀಟರಿಗೆ ಚೂರು ಹೆಚ್ಚು ಹಿಡಿಯುವ ಎಂಜಿನ್ನಿನಿಂದ ಐದು ಲೀಟರಿನ ಹತ್ತಿರ ಇಳಿಯಿತು. ಹೆಚ್ಚಾದ ಎಣ್ಣೆ ಗಾಳಿ ಎಳೆಯುವ ಕೊಳವೆಗೆ ಹೋಗಿ, ಎಂಜಿನ್ ಡೀಸೆಲ್ ಬಿಟ್ಟು ಆ ಎಣ್ಣೆಯನ್ನೇ ಸುಟ್ಟುಕೊಂಡು ಓಡಿದೆ ಎಂದರು. ಕೀಲಿ ತಿರುಗಿಸಿದರೆ ಡೀಸೆಲ್ ನಿಲ್ಲುತ್ತದೆ, ಎಣ್ಣೆ ಎಲ್ಲಿ ನಿಲ್ಲುತ್ತದೆ?

ಮರುದಿನ ಬೆಳಿಗ್ಗೆಯೇ ಗಂಗಾವತಿಯಲ್ಲಿ ಸರ್ವಿಸ್ ಮಾಡಿದ ವಿರೂಪಾಕ್ಷಿಯ ಗ್ಯಾರೇಜಿಗೆ ಹೋದೆ. ಅವನು ಬಹಳ ವರ್ಷ ಟ್ರಾಕ್ಟರ್ ರಿಪೇರಿ ಮಾಡಿದವನು, ಕಾರಿನ ಕೆಲಸ ಈಚೆಗೆ ಶುರು ಮಾಡಿದ್ದ. ಏನೇನು ಬೈಯಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡೇ ಹೋಗಿದ್ದೆ. ಅವನು ನನ್ನನ್ನು ಕಂಡವನೇ ಕೈ ಒರೆಸಿಕೊಂಡು ಕುರ್ಚಿ ಹಾಕಿದ, ಚಹಾ ಹೇಳಿದ.

"ಗಾಡಿ ಹೆಂಗ ಓಡಾಕತ್ತೈತ್ರಿ ಸಾವ್ಕಾರ್ರ? ಈ ಸಲ ಕೊಸರು ಹಾಕೀನಿ, ಗೊತ್ತಾತೋ ಇಲ್ಲೋ?"

ಏನು ಕೊಸರು ಎಂದೆ, ಅವನು ಎಣ್ಣೆಯ ಡ್ರಮ್ಮಿನ ಕಡೆ ಕೈ ತೋರಿಸಿದ.

ನಮ್ಮ ಕಡೆ ಏನೇ ಕೊಂಡರೂ ಕೊನೆಗೆ ಅಳತೆಯ ಮೇಲೆ ಬಿಟ್ಟಿಯಾಗಿ ಒಂದು ಹಿಡಿ ಕೊಸರು ಹಾಕಬೇಕು. ಅಕ್ಕಿಗೆ, ಮೆಣಸಿನಕಾಯಿಗೆ, ಹೂವಿಗೆ. ನಾನಂತೂ ಎಲ್ಲೂ ಬಿಟ್ಟವನಲ್ಲ. ಹಬ್ಬ ಈಗಷ್ಟೇ ಮುಗಿದಿದೆ, ಕಾಯಂ ಗಿರಾಕಿಗೆ ಏನಾದರೂ ಕೊಡಬೇಕು ಎಂದು ವಿರೂಪಾಕ್ಷಿ ಎಣ್ಣೆಯ ಡ್ರಮ್ಮಿನಿಂದ ಅಳೆದು ಹಾಕಿದ ಮೇಲೆ ಇನ್ನೂ ಎರಡು ಲೀಟರಿನ ಒಂದು ಮಗ್ಗು ಸುರಿದಿದ್ದಾನೆ. ಟ್ರಾಕ್ಟರಿಗೆ ಹಾಗೆ ಹಾಕಿದಾಗ ಎಂದೂ ಏನೂ ಆಗಿರಲಿಲ್ಲವಂತೆ. ಕಳ್ಳತನ ಮಾಡಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದೆ. ಪ್ರೀತಿಯಿಂದ ಕೊಟ್ಟವನನ್ನು ಹೇಗೆ ಹಿಡಿಯುವುದು? ಆದದ್ದನ್ನು ಹೇಳಿದೆ. ಕೇಳುತ್ತ ಕೇಳುತ್ತ ಅವನ ಮುಖ ಬಿಳಿಚಿಕೊಂಡಿತು. ಆಗ ನನಗೆ ಹೊಳೆಯಿತು.

"ಮತ್ಯಾರಿಗೆ ಹಾಕೀದಿ?"

ಒಬ್ಬರಿಗೆ ಎಂದ. ನವಲಿಯ ಹನುಮಂತಪ್ಪನೆಂಬ ರೈತನ ಡೀಸೆಲ್ ಕಾರಿಗೆ, ನಿನ್ನೆ ಸಂಜೆ.

ಫೋನ್ ಹಚ್ಚಿದ. ಗಾಡಿ ಚಲೋ ಇದೆ, ಬಾಣಂತಿ ಮಗಳನ್ನೂ ಕೂಸನ್ನೂ ಗಂಡನ ಮನೆಗೆ ಬಿಡಲು ಈಗ ಹೊರಟಿದ್ದೇವೆ ಎಂದು ಆ ಕಡೆಯಿಂದ ಕೇಳಿಸಿತು. ನಾನು ಫೋನ್ ಕಸಿದುಕೊಂಡು, ಎಣ್ಣೆ ಹೆಚ್ಚಾಗಿದೆ, ಗಾಡಿ ಚಾಲೂ ಮಾಡಬೇಡಿ, ನಾವು ಬಂದು ತೆಗೆಯುತ್ತೇವೆ ಎಂದೆ.

"ನೀ ಯಾವನಪಾ?" ಎಂದ ಹನುಮಂತಪ್ಪ. "ಕೊಟ್ಟ ಕೊಸರು ಹೊಳ್ಳಿ ತಗೊಳ್ಳಾಕ ಇದೊಂದು ಹೊಸ ನಮೂನಿ ಏನು?"

ಅವನದು ತಪ್ಪಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ. ಜೀವನದಲ್ಲಿ ಎಷ್ಟೋ ಚೌಕಾಸಿ ಮಾಡಿದ್ದೇನೆ, ಇಷ್ಟು ಬೆವರಿ ಮಾಡಿದ್ದಿಲ್ಲ. ನಿನ್ನೆ ನನ್ನ ಅಕ್ಕ ಹಿಂದೆ ಕೂತಿದ್ದಳು, ಇಳಿಯಲು ಬರುತ್ತಿರಲಿಲ್ಲ ಎಂದು ಹೇಳಿದೆ. ನಾನು ಹೇಳುವುದು ಸುಳ್ಳಾದರೆ ನಿಮ್ಮ ಅಂಗಳದಲ್ಲಿ ನಿಂತು ಬೈಸಿಕೊಳ್ಳುತ್ತೇನೆ ಎಂದೆ. ಕೊನೆಗೆ ಅವನು, "ಬರ್ರಿ. ಹೊತ್ತಾತಂದ್ರ ನಾ ನಿಲ್ಲಾಂವಲ್ಲ," ಎಂದ.

ಜಗಳಕ್ಕೆ ಬಂದವನು ವಿರೂಪಾಕ್ಷಿಯ ಬೈಕಿನ ಹಿಂದೆ ಕೂತು ನವಲಿಗೆ ಹೊರಟೆ. ಹೋಗಿ ನೋಡಿದರೆ ಕಾರಿನ ತುಂಬ ಗಂಟುಮೂಟೆ. ಮಗಳು ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದಳು. ಆಕೆಯ ಕಾಲ ಮುಂದೆ ತೊಟ್ಟಿಲು, ಪಕ್ಕದಲ್ಲಿ ಹಾಸಿಗೆ ಸುರುಳಿ. ಇಳಿಯುವುದೇ ಒಂದು ಕೆಲಸ. ಹನುಮಂತಪ್ಪ ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ನಿಂತಿದ್ದ. ಕಡ್ಡಿ ಎಳೆದು ತೋರಿಸಿದೆ. ಗೆರೆಯ ಮೇಲೆ ಅಷ್ಟೇ ಎಣ್ಣೆ. ಅವನು ಕೀಲಿಯನ್ನು ಜೇಬಿಗೆ ಇಳಿಸಿದ. ವಿರೂಪಾಕ್ಷಿ ಗಾಡಿಯ ಕೆಳಗೆ ಮಲಗಿ ಹೆಚ್ಚಾದ ಎಣ್ಣೆ ಇಳಿಸತೊಡಗಿದ. ಎಣ್ಣೆ ಬೀಳುವುದನ್ನು ನೋಡಿ ಹನುಮಂತಪ್ಪ ಒಳಗಿನಿಂದ ಡಬ್ಬಿ ತಂದು ಹಿಡಿದ.

"ನನಗ ಕೊಟ್ಟದ್ದು ನನಗ ಇರಲಿ. ಟ್ರಾಕ್ಟರಿಗೆ ಬರತೈತಿ."

ಇರಲಿ ಎಂದೆವು.

ಓದುವವರಿಗೆ ನಾನು ಹೇಳುವುದಿಷ್ಟೇ. ಸರ್ವಿಸ್ ಆದ ಮೇಲೆ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು, ಕಡ್ಡಿ ಒರೆಸಿ, ಮತ್ತೆ ಅದ್ದಿ ನೀವೇ ನೋಡಿರಿ. ಎರಡು ಗೆರೆಗಳ ನಡುವೆ ಇರಬೇಕು. ಮೇಲಿದ್ದರೆ ಚಾಲೂ ಮಾಡದೆ ತೆಗೆಸಿರಿ. ನೋಡಿಕೊಂಡರೆ ಮೆಕ್ಯಾನಿಕ್ಕಿಗೆ ಅವಮಾನ ಆಗುವುದಿಲ್ಲ. ಆದರೂ ಆಗಲಿ, ಪರವಾಗಿಲ್ಲ.

ಹನುಮಂತಪ್ಪ ಕೀಲಿ ತಿರುಗಿಸಿದ. ಎಂಜಿನ್ ಮಾಮೂಲಿ ದನಿಯಲ್ಲಿ ಚಾಲೂ ಆಯಿತು. ನಾನು ಡ್ರೈವರ್ ಸೀಟಿನ ಬಾಗಿಲು ಹಿಡಿದೇ ನಿಂತಿದ್ದೆ. "ಒಮ್ಮೆ ಬಂದ್ ಮಾಡ್ರಿ," ಎಂದೆ. ಮಾಡಿದ, ಬಂದ್ ಆಯಿತು. "ಇನ್ನೊಮ್ಮೆ," ಎಂದೆ. ಅವನು ನನ್ನ ಮುಖ ನೋಡಿದ, ಇನ್ನೊಮ್ಮೆ ಮಾಡಿದ. ಆಗಲೂ ನಿಂತಿತು. ಆಮೇಲೆ ಬಾಗಿಲು ಬಿಟ್ಟೆ. ಕಾರು ಗದ್ದೆಯ ದಾರಿ ದಾಟಿ ಮರೆಯಾಗುವ ತನಕ, ಮರೆಯಾದ ಮೇಲೂ ಸಪ್ಪಳ ಪೂರ್ತಿ ಅಡಗುವ ತನಕ, ವಿರೂಪಾಕ್ಷಿಯೂ ನಾನೂ ಅಲ್ಲೇ ಕಿವಿಗೊಟ್ಟು ನಿಂತಿದ್ದೆವು. ಈಗಲೂ ಎಲ್ಲೋ ಒಂದು ಗಾಡಿ ಜೋರಾಗಿ ರೇಸ್ ಆದರೆ ನಾನು ಮಾಡುತ್ತಿರುವ ವ್ಯಾಪಾರ ಅರ್ಧಕ್ಕೆ ನಿಲ್ಲುತ್ತದೆ. ಅದರ ಸಪ್ಪಳ ಇಳಿಯುವುದನ್ನು ಕೇಳಿಸಿಕೊಂಡ ಮೇಲೆಯೇ ಮುಂದಿನ ಮಾತು.