ಮಾತುಕತೆಯ ಮೂರನೆಯ ಪಾಯಿಂಟ್

ಹೋದ ವಾರ ನಮ್ಮ ಮನೆತನದ ಗುಟ್ಟೊಂದು ಬುಲೆಟ್ ಪಾಯಿಂಟ್ ಆಯಿತು.

ಕ್ರಮಾಂಕ ಮೂರು. ಅದರ ಮೇಲೆ ಹೋಳಿಗೆಯ ವಿಷಯ, ಕೆಳಗೆ ಒಬ್ಬರ ಮೀಸೆಯ ವಿಷಯ. ನಡುವೆ, ನನ್ನ ತಂಗಿ ಇಷ್ಟು ವರ್ಷ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತು. ಬಹಳ ಅಚ್ಚುಕಟ್ಟಾದ ಕನ್ನಡ. ಜೀವನವಿಡೀ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು ನಾನು, ಒಂದು ತಪ್ಪಾದರೂ ಸಿಕ್ಕೀತೇ ಎಂದು ಹುಡುಕಿದೆ. ಸಿಗಲಿಲ್ಲ. ಸಿಕ್ಕಿದ್ದರೆ ಅಷ್ಟಾದರೂ ಸಮಾಧಾನವಿರುತ್ತಿತ್ತು.

ನಡೆದದ್ದು ಇಷ್ಟು. ತಿಕೋಟಾದಲ್ಲಿರುವ ತಂಗಿ ಶಾಂತವ್ವನ ಮಗಳು ರೇಣುಕಾಗೆ ಬಬಲೇಶ್ವರದ ಕಡೆಯ ಗಂಡು ಗೊತ್ತಾಗುವುದರಲ್ಲಿತ್ತು. (ಹೆಸರುಗಳನ್ನು ಬದಲಿಸಿದ್ದೇನೆ. ರೇಣುಕಾಗೆ ಇದನ್ನು ಓದಿ ಹೇಳಿ, ಅವಳು ಹೂಂ ಅಂದ ಮೇಲೆಯೇ ಅಚ್ಚಿಗೆ ಕಳಿಸಿದ್ದು. ಈ ವಯಸ್ಸಿನಲ್ಲಿ ಬಂದ ಹೊಸ ಬುದ್ಧಿ.)

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಮನೆತನ ಕೇಳುತ್ತಾರೆ. ಗಂಡಿನವರನ್ನಲ್ಲ, ಊರವರನ್ನು. ಈ ಘನಕಾರ್ಯಕ್ಕೆ ಹೆಣ್ಣಿನ ಸೋದರಮಾವನೇ ಆಗಬೇಕು. ಬಬಲೇಶ್ವರದ ಚಹಾದಂಗಡಿಯಲ್ಲಿ ಎಮ್ಮೆಯ ಮೇವಿಗೆ ಕಣಿಕೆ ಕೊಳ್ಳುವ ನೆಪ ಮಾಡಿ ಕುಳಿತೆ. (ನನ್ನ ಹತ್ತಿರ ಎಮ್ಮೆ ಇಲ್ಲ.) ಗಂಡಿನ ಅಜ್ಜಿಯ ತವರು ಕಾಖಂಡಕಿಗೆ ಹೋದೆ. ಅವರ ಬೀಗರಿರುವ ಇಟ್ಟಂಗಿಹಾಳದಲ್ಲೂ ಒಂದು ಕಟ್ಟೆಯನ್ನು ಸವೆಸಿ ಬಂದೆ. ಕಾಖಂಡಕಿಯಲ್ಲಿ ಜೋಳ ಹಸನು ಮಾಡುತ್ತಿದ್ದ ಮುದುಕಿಯೊಬ್ಬಳು ಮೊರದಿಂದ ತಲೆ ಎತ್ತದೆಯೇ ಹೇಳಿದಳು:

“ಆ ಮನ್ಯಾಗ ಸೊಸ್ತೇರು ನಗೂ ಸಪ್ಪಳ ಓಣಿತನಾ ಕೇಳ್ತದಪಾ. ಮತ್ತೇನ್ ಬೇಕ ನಿನಗ?”

ಮತ್ತೇನೂ ಬೇಡವಾಗಿತ್ತು. ಶಾಂತವ್ವನ ಮನೆಯಲ್ಲಿ ಮಾತುಕತೆಗೆ ದಿನ ಗೊತ್ತಾಯಿತು.

ನಮ್ಮ ಬಳಗದ ಮಾತುಕತೆಗಳಲ್ಲಿ ಬರವಣಿಗೆಯ ಖಾತೆ ನನ್ನದು. ಕಾಗದದ ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿ, ಕನ್ನಡಕ ಒರೆಸಿ, ಎಲ್ಲರೂ ಸುಮ್ಮನಾಗುವವರೆಗೆ ಕಾದು, ‘ಶ್ರೀ’ ಎಂದು ಬರೆಯುವ ಆ ಗಳಿಗೆಯಲ್ಲಿ ನನಗೆ ಸಿಗುವ ಮರ್ಯಾದೆ ಶಾಸಕರಿಗೂ ಸಿಕ್ಕಿರಲಿಕ್ಕಿಲ್ಲ. ಈ ಸಲವೂ ಪೆನ್ನು ತೆಗೆದೆ. ಶಾಂತವ್ವನ ಮಗ ಮಲ್ಲು ತಡೆದ. ಸೊಲ್ಲಾಪುರ ರಸ್ತೆಯಲ್ಲಿ ಅವನದು ಪಂಪ್‌ಸೆಟ್ ಅಂಗಡಿ.

“ಮಾಮಾ, ಪೆನ್ನು ಒಳಗಿಡ್ರಿ. ಆ್ಯಪ್ ಅದ. ನಾವು ಮಾತಾಡೋದಷ್ಟ, ಬರಕೋಳೋದು ಅದರ ಕೆಲಸ. ಎ.ಐ. ಅಂತಾರ ಅದಕ್ಕ. ಮಾತು ಮುಗದಕೂಡ್ಲೆ ಎಲ್ಲಾರ ಫೋನಿಗೂ ತಾನ ಸಾರಾಂಶ ಕಳಸ್ತದ.”

“ಯಾರದೋ ಇದು?”

“ದೊಡ್ಡ ಕಂಪನಿದು ಮಾಮಾ! ಜಗತ್ತೆಲ್ಲಾ ಇದನ್ನ ಬಳಸ್ತದ.”

ಗಂಡಿನ ಸೋದರಮಾವ ಶಿವಪ್ಪನವರು ತಮ್ಮ ಭಾರಿ ಮೀಸೆಯ ಮೇಲೆ ಕೈಯಾಡಿಸಿ, “ಚಲೋ ಆತು ಬಿಡ್ರಿ, ನಾಳಿ ಅಂದಿಲ್ಲ ಆಡಿಲ್ಲ ಅನ್ನಂಗಿಲ್ಲ” ಎಂದರು. ಎರಡೂ ಕಡೆಯ ನಂಬರುಗಳು ಆ್ಯಪಿನೊಳಗೆ ಹೋದವು. ಎಲೆ-ಅಡಿಕೆ ತಟ್ಟೆಯ ಪಕ್ಕದಲ್ಲಿ ಫೋನು ಬೆನ್ನ ಮೇಲೆ ಮಲಗಿತು. ನನ್ನ ಅರಿಷಿಣದ ಕಾಗದ ಕಿಸೆ ಸೇರಿತು.

ಕಲ್ಯಾಣ ಮಂಟಪ ವಿಜಯಪುರದಲ್ಲಿ ಎಂದಾಯಿತು. ಹೋಳಿಗೆಯೋ ಗೋದಿಹುಗ್ಗಿಯೋ ಎಂಬಲ್ಲಿ ಮಾತು ಬಿಸಿಯೇರಿ, ಶಿವಪ್ಪನವರು ಎದ್ದು, “ಸ್ವಲ್ಪ ಹೊರಗ ಹೋಗಿ ಬರ್ತೀವ್ರಿ” ಎಂದರು. ಇದೂ ಪದ್ಧತಿಯೇ. ಗಂಡಿನವರು ಹೊರಗೆ ಬೇವಿನ ಗಿಡದ ಕೆಳಗೆ ತಮ್ಮೊಳಗೆ ಮಾತಾಡಿಕೊಳ್ಳುತ್ತಾರೆ, ಹೆಣ್ಣಿನವರು ಒಳಗೆ ತಮ್ಮೊಳಗೆ. ಒಬ್ಬರದು ಇನ್ನೊಬ್ಬರ ಕಿವಿಗೆ ಬೀಳಬಾರದು. ಎಷ್ಟೋ ಸಂಬಂಧಗಳು ಈ ಮರೆಯಿಂದಲೇ ಉಳಿದಿವೆ.

ಅವರು ಹೊರಬಿದ್ದದ್ದೇ ತಡ, ಶಾಂತವ್ವ ನನ್ನ ಹತ್ತಿರ ಸರಿದಳು. ರೇಣುಕಾಗೆ ಚಿಕ್ಕಂದಿನಲ್ಲಿ ಒಂದು ಕಾಯಿಲೆ ಇತ್ತು. ವಾಸಿಯಾಗಿ, ಗುಳಿಗೆ ಬಿಟ್ಟು, ಈಗ ದಿನವಿಡೀ ಶಾಲೆಯಲ್ಲಿ ನಿಂತು ಪಾಠ ಮಾಡುತ್ತಾಳೆ. ಆದರೆ ಆ ಕಾಯಿಲೆಯ ಹೆಸರು ಕೇಳಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಡುವ ಬೀಗರು ಇನ್ನೂ ಇದ್ದಾರೆ. (ಯಾವ ಕಾಯಿಲೆ? ಹೇಳುವುದಿಲ್ಲ. ಹೇಳಿದರೆ ನನಗೂ ಆ ಆ್ಯಪಿಗೂ ಏನು ವ್ಯತ್ಯಾಸ?)

“ಅಣ್ಣಾ, ಅದನ್ನ ಇವತ್ತ ಹೇಳೂಣೋ, ಏನ್ ಮಾಡೂಣೋ?” ಎಂದಳು, ಕಾಯಿಲೆಯ ಹೆಸರನ್ನೂ ಹಿಡಿದು.

“ಇವತ್ತು ಬ್ಯಾಡ. ಮುಂದಿನ ಸಲ ನಾನ ಕೂತು ತಿಳಿಸಿ ಹೇಳ್ತೀನಿ” ಎಂದೆ, ಹಿರಿಯರು ಹೇಳುವ ಗಾಂಭೀರ್ಯದಲ್ಲಿ. ಆಮೇಲೆ ಅವಳನ್ನು ನಗಿಸಲೆಂದು ಶಿವಪ್ಪನವರ ಮೀಸೆಯ ಬಗ್ಗೆಯೂ ಒಂದು ಮಾತು ಆಡಿದೆ. ಫೋನು ಅಲ್ಲೇ ಮಲಗಿತ್ತು. ಮಲಗಿದ್ದದ್ದು ನಿಜ, ನಿದ್ದೆ ಮಾಡಿರಲಿಲ್ಲ.

ಸಂಜೆ ನಾನು ನನ್ನ ಮನೆ ಮುಟ್ಟುವಷ್ಟರಲ್ಲಿ ಸಾರಾಂಶ ಬಂದಿತ್ತು. ಎಲ್ಲರಿಗೂ.

‘೩. ಹುಡುಗಿಗೆ ಬಾಲ್ಯದಲ್ಲಿದ್ದ (ಇಲ್ಲಿ ಕಾಯಿಲೆಯ ಹೆಸರು) ಕುರಿತು ಗಂಡಿನ ಕಡೆಯವರಿಗೆ ತಿಳಿಸುವುದನ್ನು ಸದ್ಯಕ್ಕೆ ಮುಂದೂಡಲಾಗಿದೆ. ಹೊಣೆ: ಸ್ಪೀಕರ್ ೨, ವೃದ್ಧರು.

೪. ಗಂಡಿನ ಸೋದರಮಾವನ ಮೀಸೆಯ ಬಗ್ಗೆ ಅಭಿಪ್ರಾಯ ವ್ಯಕ್ತವಾಯಿತು.’

ಅತ್ತ ತಿಕೋಟಾದಿಂದ ಶಾಂತವ್ವನ ಫೋನು. ಬರೀ ಅಳು. ಅದು ಮುಗಿಯುವಷ್ಟರಲ್ಲಿ ಶಿವಪ್ಪನವರದು.

“ಮಾಸ್ತರ್ರ, ಮೂರನೇ ಪಾಯಿಂಟ್ ಓದಿದ್ವಿರಿ.”

ನಾನು ಕನ್ನಡಕ ತೆಗೆದಿಟ್ಟೆ.

“ನಾಕನೇದೂ ಓದಿದ್ವಿ.”

ಭೂಮಿ ಬಾಯಿಬಿಡುತ್ತದೆ ಎಂದು ಹಿಂದಿನವರು ಹೇಳುತ್ತಿದ್ದರು. ಬಿಡಲಿಲ್ಲ. ಅವರೇ ಮುಂದುವರಿಸಿದರು: “ಬ್ಯಾನಿ ಯಾರಿಗಿ ಬರಂಗಿಲ್ರಿ? ನಮಗ ಅದು ದೊಡ್ಡದಲ್ಲ. ಆದ್ರ ನೀವು ಬಾಯಿಲೆ ಹೇಳಬೇಕಾಗಿತ್ತು, ಯಂತ್ರದ ಕಡಿಂದ ಹೇಳಿಸಿದ್ರಿ. ಇರ್ಲಿ. ನಮ್ಮ ಫೋನಿನಾಗಿಂದೆಲ್ಲಾ ಅಳಿಸೇವಿ. ಈ ಮಾತು ನಮ್ಮ ಹೊಸ್ತಿಲಾ ದಾಟಂಗಿಲ್ಲ.”

ನಂಬಿದೆ. ಏಕೆ ನಂಬಿದೆ? ಅವರ ಹೊಸ್ತಿಲು ಎಲ್ಲಿದೆ ಎಂದು ನನಗೆ ಗೊತ್ತು. ಮಾತು ಹೊರಬಿದ್ದರೆ ನಾನು ಬಬಲೇಶ್ವರದ ಬಸ್ಸು ಹತ್ತಿ, ಆ ಹೊಸ್ತಿಲ ಮುಂದೆ ನಿಂತು, ಇಡೀ ಓಣಿ ಕೇಳುವಂತೆ ಕೇಳುತ್ತೇನೆ. ಅದು ಅವರಿಗೂ ಗೊತ್ತು. ನಂಬಿಕೆ ಎಂದು ನಾವು ಕರೆಯುವುದರಲ್ಲಿ ಅರ್ಧ ಪಾಲು ಈ ವಿಳಾಸವೇ ಅಲ್ಲವೇ?

ಮರುದಿನ ತಿಕೋಟಾಕ್ಕೆ ಹೋದೆ. ರೇಣುಕಾ ಅಳುತ್ತಿರಲಿಲ್ಲ. ಅದು ಇನ್ನೂ ಕಷ್ಟ.

“ಅದು ನಂದು ಮಾಮಾ. ನಾನ ಅವರಿಗೆ ಹೇಳಾಕಿ ಇದ್ದೆ. ಹೆಂಗ ಹೇಳ್ಬೇಕಂತ ಮನಸಿನ್ಯಾಗ ಜೋಡಿಸಿ ಇಟ್ಟಿದ್ದೆ. ನೀವೆಲ್ಲಾ ಕೂಡಿ ಯಾರ ಕೈಯಾಗ ಕೊಟ್ರಿ ಅದನ್ನ?”

ಮಲ್ಲು ತಲೆ ತಗ್ಗಿಸಿ, “ನಾ ಅಳಿಸೀನವಾ, ಅವರೂ ಅಳಿಸ್ಯಾರ” ಎಂದ.

“ಕಂಪನ್ಯಾವ್ರು ಅಳಿಸ್ಯಾರೇನು?”

ಯಾರಿಗೂ ಗೊತ್ತಿರಲಿಲ್ಲ. ಆಗ, ಮಹಾಜನರೇ, ನಾವು ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆವು. ಆ್ಯಪಿನ ಷರತ್ತುಗಳನ್ನು ಓದಿದೆವು. ಎಳೆದಷ್ಟೂ ಬರುತ್ತಿತ್ತು. ಧ್ವನಿಯನ್ನು ಅವರು ಇಟ್ಟುಕೊಳ್ಳಬಹುದಂತೆ. ‘ಸೇವೆಯನ್ನು ಸುಧಾರಿಸಲು’ ಬಳಸಬಹುದಂತೆ. ‘ಪಾಲುದಾರರೊಂದಿಗೆ’ ಹಂಚಿಕೊಳ್ಳಬಹುದಂತೆ. ಯಾರೀ ಪಾಲುದಾರರು? ನನ್ನ ಸೋದರ ಸೊಸೆಯ ಬಾಲ್ಯದ ಬೇನೆಯಿಂದ ಇವರ ಸೇವೆ ಸುಧಾರಿಸಬೇಕೆ? ಇದಕ್ಕೆಲ್ಲ ‘ಒಪ್ಪಿದ್ದೇನೆ’ ಎಂದು ಒತ್ತಿದವನು ಮಲ್ಲು. ಕಾಯಿಲೆ ಅವಳದು, ಒಪ್ಪಿಗೆ ಅವನದು!

ದೊಡ್ಡ ಕಂಪನಿ ಎಂದಿದ್ದ. ದೊಡ್ಡ ಮನೆ ಎಂದ ಮಾತ್ರಕ್ಕೆ ಮನೆತನ ಕೇಳದೆ ಹೆಣ್ಣು ಕೊಡುತ್ತೇವೆಯೇ? ದೊಡ್ಡ ಮನೆಯಾದರೆ ಇನ್ನೊಂದು ಊರು ಹೆಚ್ಚೇ ತಿರುಗುತ್ತೇವೆ. ನಾಳೆ ಹೊರಟುಹೋಗುವ ಬೀಗರಿಂದ ಬಚ್ಚಿಟ್ಟದ್ದನ್ನು, ಎಂದೂ ಹೊರಡದ ಈ ಅತಿಥಿಯ ಮುಂದೆ ಸಲೀಸಾಗಿ ಬಿಚ್ಚಿಟ್ಟೆವು. ಚಹಾ ಬೇಕೇ ಎಂದು ಕೇಳುವುದೊಂದು ಬಾಕಿ ಇತ್ತು.

ಸಂಬಂಧ ಮುರಿದಿಲ್ಲ. ಗಂಡೇ ಫೋನು ಮಾಡಿದ್ದನಂತೆ. ರೇಣುಕಾ, “ಎದುರಿಗೆ ಬರ್ರಿ, ನನ್ನ ಬಾಯಿಲೆ ಹೇಳ್ತೀನಿ, ಆ ಪಾಯಿಂಟ್ ಮರತಬಿಡ್ರಿ” ಎಂದಳಂತೆ. ಆದರೆ ನಮಗೆ ಒಂದು ಷರತ್ತು ಹಾಕಿದಳು. ಮುಂದಿನ ಮಾತುಕತೆಗೆ ಮೊದಲು ಕಂಪನಿಯಲ್ಲಿರುವುದು ಅಳಿಯಬೇಕು.

ಮಲ್ಲು ಅಲ್ಲೇ ಕುಳಿತು ಕಂಪನಿಗೆ ಬರೆದ. ಉತ್ತರ ಆ ಕ್ಷಣವೇ ಬಂತು. (ಮನುಷ್ಯರು ಇಷ್ಟು ಬೇಗ ಉತ್ತರಿಸುವುದಿಲ್ಲ.) ‘ನಿಮ್ಮ ಗೋಪ್ಯತೆ ನಮಗೆ ಅತ್ಯಮೂಲ್ಯ. ಅಳಿಸಬೇಕಾದ ಮಾಹಿತಿಯನ್ನು ಗುರುತಿಸಲು, ಅದು ಏನೆಂಬುದನ್ನು ದಯವಿಟ್ಟು ವಿವರವಾಗಿ ಬರೆದು ತಿಳಿಸಿ.’

ಮಲ್ಲು ವಿಧೇಯ ವಿದ್ಯಾರ್ಥಿಯಂತೆ ಕಾಯಿಲೆಯ ಹೆಸರನ್ನು ಗಟ್ಟಿಯಾಗಿ ಅಂದುಕೊಳ್ಳುತ್ತ ಟೈಪ್ ಮಾಡತೊಡಗಿದ. ಎರಡಕ್ಷರ ಆಗಿತ್ತು.

“ಲೇ ಮಲ್ಲ್ಯಾ, ಮತ್ತ ಹೇಳಾಕತ್ತೀಯಲ್ಲೋ ಬಾಡ್ಯಾ!” ಶಾಂತವ್ವ ಅಡುಗೆಮನೆಯಿಂದಲೇ ಕೂಗಿದಳು.

ರೇಣುಕಾ ಅವನ ಕೈಯಿಂದ ಫೋನು ಕಿತ್ತುಕೊಂಡು, ಅದರ ಮುಖ ಕೆಳಗೆ ಮಾಡಿ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

“ಮಾಮಾ, ಬಬಲೇಶ್ವರದವರ ಮನಿತನ ಕೇಳಾಕ ಮೂರು ಊರು ತಿರುಗಿದ್ರಿ. ಇವರ ಮನಿತನ ಯಾವೂರಾಗ ಕೇಳ್ತೀರಿ?”