ದೊಡ್ಡಮ್ಮನ ಹೆಬ್ಬೆರಳು

ಬೀದಿಯಲ್ಲಿ ಮೀನಿನವನ ಮೊಪೆಡ್ ಹಾರ್ನ್ ಕೇಳಿದರೆ ಒಂದು ವರ್ಷದಿಂದ ನನಗೆ ಎದೆಯಲ್ಲಿ ಏನೋ ಚುಚ್ಚಿದಂತಾಗುತ್ತದೆ. ಇವತ್ತೂ ಆಯಿತು. ನಗಬೇಡಿ. ಹಾಸನದಲ್ಲಿ ಜಪಾನಿ ಊಟ ಮಾಡಿ ಬಂದವರ ಕಷ್ಟ ನಿಮಗೇನು ಗೊತ್ತು?

ದೊಡ್ಡಮ್ಮ, ಅಂದರೆ ನನ್ನ ತಾಯಿಯ ಅಕ್ಕ, ತಾಯಿಯಿಲ್ಲದ ನನ್ನನ್ನು ಸಾಲಗಾಮೆಯಲ್ಲಿ ಸಾಕಿದವಳು. ಮನೆಗೆ ಕೆರೆ ಮೀನು ಬಂದರೆ ಅವಳ ಹೆಬ್ಬೆರಳು ಒಪ್ಪದೆ ಒಲೆ ಹತ್ತುತ್ತಿರಲಿಲ್ಲ. ಕಿವಿರು ಎತ್ತಿ ಕೆಂಪು ನೋಡುವಳು, ಆಮೇಲೆ ಮೈ ಒತ್ತುವಳು. ಬಿದ್ದ ಗುಳಿ ಮೇಲೇಳದಿದ್ದರೆ ಮೀನು ವಾಪಸ್, ತಂದವನು ಕಟ್ಟಿಕೊಂಡ ಗಂಡನೇ ಆದರೂ ಸರಿ. ಪಾಪ, ದೊಡ್ಡಪ್ಪ ಎಷ್ಟು ಸಲ ಚೀಲ ಹಿಡಿದು ಹಿಂದಕ್ಕೆ ನಡೆದಿದ್ದಾರೋ!

ಹೋದ ವರ್ಷ ನನ್ನ ಮಗಳನ್ನು ನೋಡಲು ಮೈಸೂರಿನಿಂದ ಗಂಡಿನ ಕಡೆಯವರು ಬಂದರು. ಹುಡುಗನ ತಂದೆ ಹೊಸ ಕಾಲದವರು. ಹೈವೇ ಪಕ್ಕ ಆಗತಾನೇ ತೆರೆದಿದ್ದ ಜಪಾನಿ ಹೋಟೆಲಿನಲ್ಲೇ ಮಾತುಕತೆ ಆಗಲಿ ಎಂದರು. ಕಾಗದದ ಲಾಂದ್ರ, ಗಾಜಿನ ತೊಟ್ಟಿಯಲ್ಲಿ ಏಡಿ, ಎಲ್ಲ ಇತ್ತು. ಅಡುಗೆಯವನು ಮಾತ್ರ ಅರಕಲಗೂಡಿನವನಂತೆ. ನಾನು ಹಿಂದಿನ ದಿನವಿಡೀ ಎರಡು ಪೆನ್ಸಿಲ್ ಹಿಡಿದು, ಕಡ್ಡಿಯಲ್ಲಿ ತಿನ್ನುವುದನ್ನು ಅಭ್ಯಾಸ ಮಾಡಿದ್ದೆ. ಈ ಸಂಬಂಧ ತಪ್ಪಿಹೋದರೆ ಎಂಬ ಭಯ ನನಗೆ.

ಪಕ್ಕದ ಮೇಜಿಗೆ ಒಂದು ಇಡೀ ಮೀನನ್ನು ತಟ್ಟೆಯಲ್ಲಿ ತಂದು ತೋರಿಸಿದರು. ಅವರು ಹೂಂ ಎಂದ ಮೇಲೆ ಒಳಗೊಯ್ದು ಬೇಯಿಸಿ ತಂದರು. ನಮ್ಮ ಜೊತೆ ಬಂದಿದ್ದ ದೊಡ್ಡಮ್ಮ ಅದನ್ನು ಗಮನಿಸಿ ಮೆಚ್ಚಿ ತಲೆದೂಗಿದಳು. ಅಷ್ಟರಲ್ಲಿ ನಮ್ಮ ಮೇಜಿಗೂ ಒಂದು ದೊಡ್ಡ ತಟ್ಟೆ ಬಂತು: ತೆಳ್ಳಗೆ ಕೊಯ್ದು ಹೂವಿನಂತೆ ಜೋಡಿಸಿದ ಹಸಿ ಮೀನು, ಎಲ್ಲರಿಗೂ ಸೇರಿ. ದೊಡ್ಡಮ್ಮ ಮುಂದೆ ಬಾಗಿ, ಒಂದೊಂದೇ ಚೂರನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋದಳು. ಆಮೇಲೆ ತಟ್ಟೆ ತಂದವನಿಗೆ ಹೇಳಿದಳು:

"ಮೀನ್ ಚೆಂದಾಗೈತೆ ಕಣಪ್ಪ. ಒಳೀಕ್ ತಕ್ಕೊಂಡೋಗಿ ಬೇಯ್ಸ್ಕಂಡ್ ಬಾ. ಉಪ್ಪು ಖಾರ ಒಸಿ ಮುಂದಾಗಿರ್ಲಿ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಕೈ ತೆಗಿ ದೊಡ್ಡಮ್ಮ! ನಿನ್ನ ಕರ್ಕೊಂಡ್ ಬಂದಿದ್ದೇ ತಪ್ಪಾಯ್ತು" ಎಂದುಬಿಟ್ಟೆ, ಎಲ್ಲರ ಎದುರಿಗೇ.

ಆಗ ಹುಡುಗನ ತಾಯಿ, ಅಲ್ಲಿಯವರೆಗೆ ತುಟಿ ಬಿಚ್ಚದವರು, ಕಡ್ಡಿ ಕೆಳಗಿಟ್ಟರು. "ಅಮ್ಮಾ, ಪುಣ್ಯ ಕಟ್ಕೊಂಡ್ರಿ. ನಂಗೂ ಹಸೀದು ಸೇರಲ್ಲ, ಹೇಳೋಕೆ ನಾಚ್ಕೆ ಆಗ್ತಿತ್ತು" ಎಂದು ಜೋರಾಗಿ ನಕ್ಕರು. ತಟ್ಟೆ ಒಳಗೆ ಹೋಯಿತು, ಅರಕಲಗೂಡಿನವನು ಖುಷಿಯಿಂದ ಖಾರ ಸವರಿ ಹುರಿದು ಕಳಿಸಿದ. ಆ ನಗುವಿನಲ್ಲೇ ಸಂಬಂಧ ಕುದುರಿತು.

ದೊಡ್ಡಮ್ಮ ಮಾತ್ರ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡವಳು ಮತ್ತೆ ಹೊರಗೆ ತೆಗೆಯಲಿಲ್ಲ. ಒಂದು ಚೂರೂ ತಿನ್ನಲಿಲ್ಲ. "ಹಲ್ಲು ನೋವು ಕಣವ್ವ" ಎಂದಳು. ಅಂದಿನಿಂದ ಎಲ್ಲಿ ಮೀನು ಮುಂದಿಟ್ಟರೂ ಒಂದೇ ಮಾತು: "ನೀವೇ ನೋಡ್ಕಳಿ, ನಂಗೇನ್ ಗೊತ್ತಾದದು?"

ಈಗ ಅವಳು ನಮ್ಮ ಮನೆಗೆ ಬಂದು ನಾಲ್ಕು ದಿನವಾಯಿತು. ಇವತ್ತು ಬೆಳಿಗ್ಗೆ ಹಾರ್ನ್ ಕೇಳಿ ಓಡಿಹೋಗಿ ಎರಡು ಮೀನು ಕೊಂಡೆ. ಬೇಸಿನ್ನನ್ನು ಅವಳ ಮುಂದಿಟ್ಟು ನೆಲದಲ್ಲೇ ಕೂತೆ.

"ಒತ್ತಿ ನೋಡು ದೊಡ್ಡಮ್ಮ. ಅವತ್ತು ತಪ್ಪು ನಿಂದಲ್ಲ, ನಂದು. ನನ್ನ ಸಾಕಿದ ಕೈಗೇ ನಾಚ್ಕೊಂಡೆ."

ನನ್ನ ಕಣ್ಣು ತುಂಬಿತ್ತು. ಮೆಲ್ಲಗೆ ದೊಡ್ಡಮ್ಮನ ಕೈ ಸೆರಗಿನಿಂದ ಹೊರಗೆ ಬಂತು. ಕಿವಿರು ಎತ್ತಿದಳು. ಒತ್ತಿದಳು. ಗುಳಿ ಬಿದ್ದದ್ದು ಬಿದ್ದಂತೆಯೇ ಇತ್ತು.

"ಥೂ, ಇದ್ಯಾವ್ ಕಾಲದ್ ಮೀನೇ! ಕೊಟ್ಬುಟ್ಟು ಬಾ ಓಗು, ಅವ್ನು ಸರ್ಕಲ್ ದಾಟೋದ್ರೊಳ್ಗೆ!"

ನೈಟಿಯ ಮೇಲೊಂದು ಟವೆಲ್ ಹೊದ್ದು, ಬೇಸಿನ್ ಎತ್ತಿಕೊಂಡು ಮೊಪೆಡ್ ಹಿಂದೆ ಓಡಿದೆ. ಬೀದಿಯವರೆಲ್ಲ ನೋಡಿದರು. ನೋಡಲಿ ಬಿಡಿ.